ಗಣಕಯಂತ್ರದ ವೇಗವರ್ಧನೆ: ಅದರ ಚರಿತ್ರೆ ಮತ್ತು ಅಪಾಯಗಳು

ಗಣಕಯಂತ್ರದ ಪ್ರೊಸೆಸರನ್ನು ಅದರ ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಯಿಸುವ ಕ್ರಮಕ್ಕೆ 'ಓವರ್‌ಕ್ಲಾಕಿಂಗ್' ಎಂದು ಹೆಸರು. ಇದು ಎಂಜಿನಿಯರುಗಳ ವಿಷಯ; ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಆದರೆ ಶಾಸನಗಳ ಸೂಚಿಯಿಂದ ಮೊದಲುಗೊಂಡು ಜನಗಣತಿಯ ಕೋಷ್ಟಕಗಳವರೆಗೆ ನಮ್ಮ ಸಾಮಗ್ರಿಯ ಬಹುಭಾಗವು ಈಗ ಈ ಯಂತ್ರಗಳ ಮೂಲಕವೇ ಹಾದುಬರುತ್ತಿದೆ. ಆದುದರಿಂದ ಯಂತ್ರವು ಯಾವಾಗ ನಂಬಿಕೆಗೆ ಅರ್ಹ, ಯಾವಾಗ ಅಲ್ಲ ಎಂಬ ವಿವೇಚನೆ ನಮ್ಮದೂ ಆಗಿದೆ.

ಪ್ರೊಸೆಸರಿನ ಕಾರ್ಯವೆಲ್ಲವೂ ಒಂದು ಕಾಲಸ್ಪಂದನಕ್ಕೆ ಅಧೀನವಾದುದು. ಒಂದು ಸ್ಪಂದನಕ್ಕೂ ಮುಂದಿನ ಸ್ಪಂದನಕ್ಕೂ ನಡುವಣ ಅವಧಿಯಲ್ಲಿ ವಿದ್ಯುತ್ಸಂಕೇತವು ಅನೇಕ ಟ್ರಾನ್ಸಿಸ್ಟರುಗಳನ್ನು ದಾಟಿ ತನ್ನ ಸ್ಥಾನವನ್ನು ಮುಟ್ಟಬೇಕು. ಅವಧಿಯನ್ನು ಕಿರಿದುಗೊಳಿಸಿದರೆ ಸಂಕೇತವು ಮುಟ್ಟುವ ಮೊದಲೇ ಲೆಕ್ಕ ಬರೆದುಹೋಗಬಹುದು. ಆಗ ದಾಖಲಾಗುವುದು ತಪ್ಪು ಬೆಲೆ. ವೋಲ್ಟೇಜನ್ನು ಏರಿಸಿದರೆ ಟ್ರಾನ್ಸಿಸ್ಟರುಗಳು ಚುರುಕಾಗುತ್ತವೆ. ಹೀಗಾಗಿ ವೇಗವನ್ನು ಹೆಚ್ಚಿಸುವವರು ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸುತ್ತಾರೆ.

ತಯಾರಕರು ಹೇಳಿದ ಮಿತಿಯನ್ನು ಮೀರಲು ಅವಕಾಶವಾದರೂ ಹೇಗೆ ಉಂಟಾಯಿತು? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ತುಣುಕುಗಳೆಲ್ಲವೂ ಸಮಾನ ಗುಣದವಲ್ಲ. ಅವುಗಳನ್ನು ಪರೀಕ್ಷಿಸಿ ವೇಗಕ್ಕೆ ಅನುಸಾರವಾಗಿ ದರ್ಜೆಗೆ ಹಾಕುತ್ತಾರೆ. ಬೇಸಗೆಯ ಸೆಕೆ, ವರ್ಷಗಳ ಸವೆತ ಮೊದಲಾದುವನ್ನು ಗಣಿಸಿ ಸ್ವಲ್ಪ ಅಂತರವನ್ನೂ ಉಳಿಸುತ್ತಾರೆ. ಅಗ್ಗದ ದರ್ಜೆಗೆ ಬೇಡಿಕೆ ಹೆಚ್ಚಿದಾಗ ಉತ್ತಮವಾದ ತುಣುಕುಗಳೂ ಕೆಳದರ್ಜೆಯ ಹೆಸರಿನಲ್ಲಿ ಮಾರಾಟವಾಗುವುದುಂಟು. ಬಳಕೆದಾರರು ಬಯಸಿದುದು ಈ ಅಂತರವನ್ನೇ.

ಈ ಬಯಕೆಯ ಚರಿತ್ರೆ ಸ್ವಾರಸ್ಯವಾದುದು. 1984ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ 'ಪಿಸಿ ಎಟಿ' ಯಂತ್ರವು 6 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿತ್ತು. ಅದರ ಸ್ಪಂದನವನ್ನು ನಿಯಂತ್ರಿಸುತ್ತಿದ್ದುದು 12 ಮೆಗಾಹರ್ಟ್ಸಿನ ಒಂದು ಸ್ಫಟಿಕ. ಬಳಕೆದಾರರು ಅದನ್ನು ಕಿತ್ತು 16 ಮೆಗಾಹರ್ಟ್ಸಿನ ಸ್ಫಟಿಕವನ್ನಿಟ್ಟು 8 ಮೆಗಾಹರ್ಟ್ಸ್ ಪಡೆದರು. ಸಂಸ್ಥೆಯು ತನ್ನ ಮುಂದಿನ ಯಂತ್ರಗಳಲ್ಲಿ, ಆರಂಭದಲ್ಲಿಯೇ ವೇಗವನ್ನು ಅಳೆದು ಮಿತಿ ಮೀರಿದ್ದರೆ ಮುಂದೆ ಸಾಗದಂತೆ ಏರ್ಪಾಡು ಮಾಡಿತು. 1998ರಲ್ಲಿ ಇಂಟೆಲ್ ಹೊರತಂದ 'ಸೆಲೆರಾನ್ 300ಎ' ಎಂಬುದು ಇನ್ನೂ ಪ್ರಸಿದ್ಧವಾಯಿತು. ಅದರ ಬಸ್ಸಿನ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದ ಮಾತ್ರಕ್ಕೆ 300 ಮೆಗಾಹರ್ಟ್ಸಿನ ಅಗ್ಗದ ಪ್ರೊಸೆಸರು 450 ಮೆಗಾಹರ್ಟ್ಸಿನಲ್ಲಿ ಓಡತೊಡಗಿತು. ಈ ವಿದ್ಯೆ ವಂಚನೆಗೂ ದಾರಿಯಾಯಿತು. 1990ರ ದಶಕದಲ್ಲಿ ಕೆಲವು ವರ್ತಕರು ಕೆಳದರ್ಜೆಯ ಪ್ರೊಸೆಸರುಗಳ ಮೇಲಣ ಗುರುತನ್ನು ಅಳಿಸಿ, ಮೇಲ್ದರ್ಜೆಯ ಗುರುತನ್ನೊತ್ತಿ ಮಾರಿದರು. ತಯಾರಕರು ವೇಗದ ಗುಣಕಕ್ಕೆ ಬೀಗ ಹಾಕಿದುದಕ್ಕೆ ಇದೂ ಒಂದು ಕಾರಣ.

ಇನ್ನು ಅಪಾಯಗಳ ವಿಚಾರ. ಮೊದಲನೆಯದು ಶಾಖ. ಪ್ರೊಸೆಸರಿನ ಚಾಲನೆಯಲ್ಲಿ ವ್ಯಯವಾಗುವ ಶಕ್ತಿಯು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತವಾಗಿ ಏರುತ್ತದೆ. ವೇಗವನ್ನು ಶೇ. 20ರಷ್ಟು, ವೋಲ್ಟೇಜನ್ನು ಶೇ. 10ರಷ್ಟು ಹೆಚ್ಚಿಸಿದರೆ ಆ ವ್ಯಯವು ಶೇ. 45ರಷ್ಟು ಹೆಚ್ಚುತ್ತದೆ. ಇಂದಿನ ಪ್ರೊಸೆಸರುಗಳು ಕಾವೇರಿದಾಗ ತಾವೇ ವೇಗವನ್ನು ತಗ್ಗಿಸುವುದರಿಂದ ಥಟ್ಟನೆ ಸುಟ್ಟುಹೋಗುವುದು ವಿರಳ. ಎರಡನೆಯದು ಸವೆತ. ಸೂಕ್ಷ್ಮವಾದ ತಂತುಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನು ಮೆಲ್ಲಮೆಲ್ಲನೆ ತಳ್ಳಿಕೊಂಡು ಹೋಗುತ್ತವೆ. ವಿದ್ಯುತ್ಪ್ರವಾಹವೂ ಶಾಖವೂ ಹೆಚ್ಚಿದಷ್ಟು ತಂತುವಿನ ಆಯುಷ್ಯ ಕುಗ್ಗುವುದನ್ನು ಜೇಮ್ಸ್ ಬ್ಲಾಕ್ ಎಂಬ ವಿಜ್ಞಾನಿಯು 1960ರ ದಶಕದ ಕೊನೆಯಲ್ಲಿ ಸಮೀಕರಣವಾಗಿ ನಿರೂಪಿಸಿದನು. ಮೂರನೆಯದು ನೆರೆಹೊರೆಯ ಭಾಗಗಳಿಗೆ ತಟ್ಟುವ ಪೀಡೆ. ಹಳೆಯ ಯಂತ್ರಗಳಲ್ಲಿ ಬಸ್ಸಿನ ವೇಗವನ್ನು ಏರಿಸಿದಾಗ ಡಿಸ್ಕಿನ ನಿಯಂತ್ರಕವೂ ಮಿತಿ ಮೀರಿ ಓಡಿ, ಅದರೊಳಗಿನ ಕಡತಗಳೇ ಕೆಡುತ್ತಿದ್ದುವು.

ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಘೋರವಾದುದು ಸದ್ದಿಲ್ಲದ ತಪ್ಪು. ಯಂತ್ರವು ನಿಂತುಹೋದರೆ ತಿಳಿಯುತ್ತದೆ. ಒಂದು ಅಂಕಿಯನ್ನು ತಪ್ಪಾಗಿ ಬರೆದು ಮುಂದೆ ಸಾಗಿದರೆ ತಿಳಿಯುವುದಿಲ್ಲ. ಓಲೆಯ ಪ್ರತಿಯಲ್ಲಿ ಲಿಪಿಕಾರನ ಪ್ರಮಾದವನ್ನು ಬೇರೆ ಪ್ರತಿಗಳೊಡನೆ ಹೋಲಿಸಿ ಗುರುತಿಸಬಹುದು. ಇಲ್ಲಿಯಾದರೋ ಹೋಲಿಸಲು ಎರಡನೆಯ ಪ್ರತಿಯೇ ಇರದಿರಬಹುದು. 2000ನೆಯ ಇಸವಿಯ ಜುಲೈ ಕೊನೆಯಲ್ಲಿ ಇಂಟೆಲ್ ಸಂಸ್ಥೆಯೇ ಸ್ಪರ್ಧೆಯ ಭರದಲ್ಲಿ 1.13 ಗಿಗಾಹರ್ಟ್ಸಿನ ಪೆಂಟಿಯಂ 3ನ್ನು ಹೊರತಂದಿತು. ಮಾಮೂಲಾದ ಪರೀಕ್ಷೆಗಳನ್ನು ದಾಟಿದ ಆ ಪ್ರೊಸೆಸರು ಲಿನಕ್ಸ್ ಕರ್ನೆಲ್ಲನ್ನು ಕಂಪೈಲ್ ಮಾಡುವಾಗ ಎಡವಿತು. ಆಗಸ್ಟ್ ಮುಗಿಯುವುದರೊಳಗೆ ಸಂಸ್ಥೆಯು ಅದನ್ನು ಹಿಂತೆಗೆದುಕೊಂಡಿತು. ಪರೀಕ್ಷೆಯಲ್ಲಿ ತಪ್ಪು ಕಾಣಲಿಲ್ಲವೆಂದರೆ ತಪ್ಪು ಇಲ್ಲವೆಂದು ಅರ್ಥವಲ್ಲ. 2011ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರು ಸುಮಾರು 10 ಲಕ್ಷ ಗಣಕಗಳ ವರದಿಗಳನ್ನು ಪರಿಶೀಲಿಸಿ, ವೇಗವರ್ಧನೆಗೊಂಡ ಯಂತ್ರಗಳು ಹೆಚ್ಚಾಗಿ ಕೆಡುವುವೆಂದೂ ಮಿತಿಗಿಂತ ಕಡಮೆ ವೇಗದವು ಹೆಚ್ಚು ಭದ್ರವೆಂದೂ ಕಂಡರು.

ಈಚೆಗೆ ತಯಾರಕರೇ ಹಳೆಯ ಅಂತರದ ಬಹುಭಾಗವನ್ನು ತಾವೇ ಬಳಸಿಕೊಂಡು, ಅಗತ್ಯ ಬಿದ್ದಾಗ ವೇಗವನ್ನು ತಾನಾಗಿ ಏರಿಸುವ ಪ್ರೊಸೆಸರುಗಳನ್ನು ಮಾಡುತ್ತಿದ್ದಾರೆ. ಇದರಿಂದ ಅಪಾಯ ಅಳಿಯಲಿಲ್ಲ. ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಅಕಾಲದಲ್ಲಿ ಸವೆದುದು 2024ರಲ್ಲಿ ಬೆಳಕಿಗೆ ಬಂದು, ಸಂಸ್ಥೆಯು ಅವುಗಳ ವಾರಂಟಿಯನ್ನು 2 ವರ್ಷ ವಿಸ್ತರಿಸಬೇಕಾಯಿತು.

ವಿನೋದಕ್ಕಾಗಿ, ಸ್ಪರ್ಧೆಗಾಗಿ ವೇಗವನ್ನು ಹೆಚ್ಚಿಸುವವರನ್ನು ನಾವು ಆಕ್ಷೇಪಿಸುವುದಿಲ್ಲ. ನಷ್ಟವಾದರೆ ಅದು ಅವರದೇ. ಆದರೆ ಇತರರು ನಂಬಿ ಉಲ್ಲೇಖಿಸಬೇಕಾದ ಕೋಷ್ಟಕವನ್ನು ಸಿದ್ಧಗೊಳಿಸುವ ಯಂತ್ರದ ವಿಷಯ ಬೇರೆ. ಅದರ ತಪ್ಪಿನ ಫಲವನ್ನು ಉಣ್ಣುವವರು ಮುಂದಿನ ಓದುಗರು. ಅಂಥ ಯಂತ್ರವನ್ನು ತಯಾರಕರ ಮಿತಿಯೊಳಗೇ ನಡೆಯಿಸುವುದು, ಮುಖ್ಯವಾದ ಲೆಕ್ಕವನ್ನು ಇನ್ನೊಂದು ಯಂತ್ರದಲ್ಲಿ ಮತ್ತೊಮ್ಮೆ ಮಾಡಿ ತಾಳೆನೋಡುವುದು ಉಚಿತವೆಂದು ನಮ್ಮ ಅಭಿಪ್ರಾಯ.