ನೆರಳಿನಿಂದ ಕೋನಕ್ಕೆ: ಪ್ರೌಢಶಾಲೆಯಲ್ಲಿ ತ್ರಿಕೋನಮಿತಿ

ಪ್ರೌಢಶಾಲೆಯ ವಿದ್ಯಾರ್ಥಿಯು ಸಮರೂಪ ತ್ರಿಭುಜಗಳನ್ನು ಒಂದು ಅಧ್ಯಾಯದಲ್ಲಿಯೂ ತ್ರಿಕೋನಮಿತಿಯನ್ನು ಮತ್ತೊಂದರಲ್ಲಿಯೂ ಕಲಿಯುತ್ತಾನೆ. ಎರಡನೆಯದು ಮೊದಲನೆಯದನ್ನೇ ಆಧರಿಸಿ ನಿಂತಿದೆಯೆಂಬುದು ಹೊಳೆಯದಿದ್ದರೆ ಸೈನು, ಕೊಸೈನುಗಳು ಬರಿಯ ಬಾಯಿಪಾಠವಾಗಿ ಉಳಿಯುತ್ತವೆ. ಇತಿಹಾಸದ ಅಧ್ಯಾಪಕರು ಗಣಿತದಲ್ಲಿ ತಲೆಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಈ ಸಂಬಂಧವನ್ನು ತೋರಿಸಲು ಇತಿಹಾಸವೇ ಹತ್ತಿರದ ದಾರಿಯೆಂದು ನಾವು ಭಾವಿಸುತ್ತೇವೆ.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ನೆರಳಿನ ಲೆಕ್ಕಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಒಂದು ಮೀಟರ್ ಕೋಲಿನ ನೆರಳು ಮುಕ್ಕಾಲು ಮೀಟರ್ ಇರುವಾಗ ತೆಂಗಿನ ಮರದ ನೆರಳು 9 ಮೀಟರ್ ಇದ್ದರೆ ಮರದ ಎತ್ತರ 12 ಮೀಟರ್. ಹುಣಸೂರಿನ ಲಕ್ಷ್ಮಣತೀರ್ಥದ ಅಗಲವನ್ನೂ, ಕೃಷ್ಣರಾಜನಗರದ ಬಳಿ ಕಾವೇರಿಯ, ಹೆಗ್ಗಡದೇವನಕೋಟೆಯ ಕಡೆ ಕಪಿಲೆಯ ಅಗಲವನ್ನೂ ನೀರಿಗಿಳಿಯದೆ ಹೀಗೆಯೇ ಅಳೆಯಬಹುದು. ಆಚೆ ದಡದ ಮರವೊಂದಕ್ಕೆ ನೇರ ಎದುರಾಗಿ ಗೂಟ ನೆಟ್ಟು, ದಡದಗುಂಟ 20 ಮೀಟರ್ ನಡೆದು ಎರಡನೆಯ ಗೂಟವನ್ನೂ, ಮತ್ತೆ 10 ಮೀಟರ್ ನಡೆದು ಮೂರನೆಯದನ್ನೂ ನೆಡಬೇಕು. ಅಲ್ಲಿಂದ ನದಿಗೆ ಬೆನ್ನು ಮಾಡಿ, ಎರಡನೆಯ ಗೂಟವೂ ಮರವೂ ಒಂದೇ ಗೆರೆಯಲ್ಲಿ ಕಾಣುವವರೆಗೆ ನಡೆದ ದೂರದ ಎರಡರಷ್ಟು ನದಿಯ ಅಗಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟದ ಮುಂದೆ ಈ ಉಪಾಯ ಸೋಲುತ್ತದೆ. ನೆರಳನ್ನು ಶಿಖರದ ನೇರ ಕೆಳಗಿನಿಂದ ಅಳೆಯಬೇಕು; ಆ ಬಿಂದುವು ಬೆಟ್ಟದ ಒಡಲೊಳಗಿದೆ. ಕೋನವನ್ನು ಅಳೆಯುವ ಅಗತ್ಯ ಇಲ್ಲಿ ತಲೆದೋರುತ್ತದೆ. 10 ಡಿಗ್ರಿ ಉನ್ನತಕೋನದಲ್ಲಿ ಕಾಣುವ ಶಿಖರ ತನ್ನ ಎತ್ತರದ 5.67ರಷ್ಟು ದೂರದಲ್ಲಿದೆ, ಏಕೆಂದರೆ 10 ಡಿಗ್ರಿಯ ಲಂಬಕೋನ ತ್ರಿಭುಜಗಳೆಲ್ಲವೂ ಸಮರೂಪವಾದವು. ಕೋಷ್ಟಕದಲ್ಲಿರುವುದು ಈ ಅನುಪಾತಗಳೇ ಹೊರತು ಬೇರೇನೂ ಅಲ್ಲ. 12 ಡಿಗ್ರಿಗೆ ಈ ಸಂಖ್ಯೆ 4.70. ಸಮನೆಲದಲ್ಲಿ ಗುಡ್ಡದತ್ತ 290 ಮೀಟರ್ ನಡೆದಾಗ ಕೋನವು 10ರಿಂದ 12 ಡಿಗ್ರಿಗೆ ಏರಿದರೆ ಎತ್ತರ ಸುಮಾರು 300 ಮೀಟರ್.

ಪರೀಕ್ಷೆಯ ಪ್ರಶ್ನೆಗಳು 30, 45, 60 ಡಿಗ್ರಿಗಳಲ್ಲಿಯೇ ಸುತ್ತುವುದರಿಂದ ಮರೆಯಾಗುವ ವಿಷಯವೊಂದಿದೆ. ಕೋನಮಾಪಕಕ್ಕೆ ನೂಲುಗುಂಡು ಕಟ್ಟಿ ನೋಡುವ ಹುಡುಗನು 12ರ ಬದಲು 13 ಎಂದು ಓದಿದರೆ 300 ಮೀಟರಿನ ಗುಡ್ಡ 216 ಮೀಟರಿಗೆ ಇಳಿಯುತ್ತದೆ. ಅದೇ ಗುಡ್ಡದತ್ತ 877 ಮೀಟರ್ ನಡೆದು, 20 ಡಿಗ್ರಿಯನ್ನು 21 ಎಂದು ಓದಿದರೂ ಉತ್ತರ 286. ಗೆರೆ ಉದ್ದವಾದಷ್ಟೂ ತಪ್ಪು ಕುಗ್ಗುತ್ತದೆ. ತರಗತಿಯ ಎರಡು ಮೂರು ತಂಡಗಳು ಒಂದೇ ಗುಡ್ಡವನ್ನು ಅಳೆದು ಬಂದು, ಹೊಂದದ ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆದರೆ ಇದು ಅವರಿಗೇ ಗೋಚರವಾಗುವುದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಯ ಅಳತೆಗೆ ತೊಡಗಿದ ವಿಲಿಯಂ ಲ್ಯಾಂಬ್ಟನ್ ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಲಂಡನ್ನಿನಿಂದ ತರಿಸಿದುದು ಆಡಂಬರಕ್ಕಲ್ಲ. 1802ರಲ್ಲಿ ಮದರಾಸಿನಲ್ಲಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಅಲ್ಲಿಂದ ಕೋನಗಳನ್ನಷ್ಟೇ ನೋಡುತ್ತ ತ್ರಿಭುಜಕ್ಕೆ ತ್ರಿಭುಜವನ್ನು ಹೆಣೆಯುತ್ತ ಪಶ್ಚಿಮಕ್ಕೆ ಬರಲಾಯಿತು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ನೆಲದ ಮೇಲೆ ಅಳೆದು ನೋಡಿದಾಗ, ಲೆಕ್ಕದಿಂದ ಬಂದ ಉದ್ದಕ್ಕೂ ಅದಕ್ಕೂ ಇದ್ದ ಅಂತರ ನಾಲ್ಕು ಅಂಗುಲಕ್ಕಿಂತ ಕಡಿಮೆ.