ಊರುಗಳನ್ನು ನೆತ್ತಿಯ ಮೇಲೆ ಹೊತ್ತ ಬ್ಯಾಂಕು

ಲಂಡನ್ನಿನ ಬಿಷಪ್ಸ್‌ಗೇಟ್ ಬೀದಿಯಲ್ಲಿ, ಮುಗಿಲೆತ್ತರದ ಕಚೇರಿಗಳ ನಡುವೆ, ಒಂದೇ ಅಂತಸ್ತಿನ ಕಲ್ಲಿನ ಕಟ್ಟಡವೊಂದಿದೆ. ಕೊರಿಂಥಿಯನ್ ಶೈಲಿಯ ಭಾರೀ ಕಂಬಗಳು, ಅವುಗಳ ನೆತ್ತಿಯಲ್ಲಿ ಸಾಲಾಗಿ ನಿಂತ ಶಿಲ್ಪಗಳು. ನ್ಯಾಷನಲ್ ಪ್ರಾವಿನ್ಷಿಯಲ್ ಬ್ಯಾಂಕಿನ ಪ್ರಧಾನ ಕಚೇರಿಗೆಂದು ವಾಸ್ತುಶಿಲ್ಪಿ ಜಾನ್ ಗಿಬ್ಸನ್ ಇದನ್ನು ರೂಪಿಸಿದ್ದು 1864-65ರಲ್ಲಿ. ಈಗ ಇದರ ಹೆಸರು ಗಿಬ್ಸನ್ ಹಾಲ್.

ಇಷ್ಟೊಂದು ವೈಭವ ಯಾಕೆ ಬೇಕಾಯಿತು? 1825ರ ಬ್ಯಾಂಕಿಂಗ್ ಬಿಕ್ಕಟ್ಟಿನಲ್ಲಿ ಇಂಗ್ಲೆಂಡಿನ ಹಲವು ಸಣ್ಣ ಬ್ಯಾಂಕುಗಳು ಮುಳುಗಿಹೋದವು. ಮರುವರ್ಷದ ಕಾಯ್ದೆ, ಹೆಚ್ಚು ಪಾಲುದಾರರಿರುವ ದೊಡ್ಡ ಬ್ಯಾಂಕುಗಳಿಗೂ ನೋಟು ಹೊರಡಿಸಲು ಅವಕಾಶ ಕೊಟ್ಟಿತು. ಆದರೆ ಲಂಡನ್ನಿನಿಂದ 65 ಮೈಲಿ ಆಚೆ ಮಾತ್ರ. 1833ರಲ್ಲಿ ಹುಟ್ಟಿದ ಈ ಬ್ಯಾಂಕು ಹಾಗಾಗಿ ಹೊರ ಊರುಗಳಲ್ಲೇ ಬೆಳೆಯಿತು. ಕೊನೆಗೆ 1866ರಲ್ಲಿ ನೋಟಿನ ಹಕ್ಕನ್ನೇ ಬಿಟ್ಟುಕೊಟ್ಟು ರಾಜಧಾನಿಯಲ್ಲಿ ವ್ಯವಹಾರಕ್ಕಿಳಿಯಿತು.

ಬರುವಾಗ ತನ್ನನ್ನು ಬೆಳೆಸಿದ ಸೀಮೆಯನ್ನು ಅದು ಮರೆಯಲಿಲ್ಲ. ಮೇಲಿನ ಶಿಲ್ಪಗಳಲ್ಲಿ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ವೇಲ್ಸ್ ಮನುಷ್ಯರೂಪ ತಾಳಿ ನಿಂತಿವೆ. ಕಿಟಕಿಗಳ ಮೇಲಿರುವ ಉಬ್ಬುಶಿಲ್ಪಗಳು ಶಿಲ್ಪಿ ಜಾನ್ ಹ್ಯಾನ್‌ಕಾಕ್‌ನವು: ಕಲೆ, ವಾಣಿಜ್ಯ, ವಿಜ್ಞಾನ, ಕೈಗಾರಿಕೆ, ಕೃಷಿ, ನೌಕಾಯಾನ, ಹಡಗು ನಿರ್ಮಾಣ, ಗಣಿ. ನನಗಂತೂ ಈ ಫಲಕಗಳೇ ಕಟ್ಟಡದ ಜೀವ. ಠೇವಣಿಗೆ ಯಾವ ವಿಮೆಯೂ ಇಲ್ಲದ ಕಾಲವದು. ಬ್ಯಾಂಕು ಮುಳುಗಿದರೆ ಜೀವಮಾನದ ಉಳಿತಾಯವೂ ಮುಳುಗಿದಂತೆ. ಅಂಥ ಹೊತ್ತಿನಲ್ಲಿ ದುಡ್ಡು ಯಾರ ದುಡಿಮೆಗೆ ಆಸರೆಯಾಗುತ್ತದೆ ಎಂಬುದನ್ನು, ಓದು ಬಾರದವರಿಗೂ ತಿಳಿಯುವಂತೆ, ಬೀದಿಗೆ ಮುಖಮಾಡಿ ಕೆತ್ತಿಸಿದ್ದು ದೊಡ್ಡ ಮಾತು. ಒಳಗೆ ಕೆಂಪು ಅಮೃತಶಿಲೆಯ ಕಂಬಗಳಿವೆ, ಗಾಜಿನ ಗುಮ್ಮಟಗಳಿಂದ ಬೆಳಕಿಳಿಯುತ್ತದೆ.

1960ರ ದಶಕದಲ್ಲಿ ಇದನ್ನು ಕೆಡವುವ ಆಲೋಚನೆಯಿತ್ತು. ತೀವ್ರ ವಿರೋಧ ಬಂದದ್ದರಿಂದ ಕಟ್ಟಡ ಉಳಿಯಿತು. ಅಷ್ಟರಲ್ಲಿ ಬ್ಯಾಂಕು ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನೊಂದಿಗೆ ಸೇರಿ ನ್ಯಾಟ್‌ವೆಸ್ಟ್ ಆಗಿತ್ತು. ಬೆಂಗಳೂರಿನಲ್ಲೂ ಕಚೇರಿಯಿರುವ ಅದೇ ನ್ಯಾಟ್‌ವೆಸ್ಟ್. 1981ರಲ್ಲಿ ಪಕ್ಕದಲ್ಲೇ 183 ಮೀಟರ್ ಎತ್ತರದ ಗೋಪುರ ತೆರೆಯಿತು. ಅದರ ತಳವಿನ್ಯಾಸ ಬ್ಯಾಂಕಿನ ಲಾಂಛನವನ್ನೇ ಹೋಲುತ್ತದೆ, ಆದರೆ ಅದು ಕಾಣುವುದು ಆಕಾಶದಿಂದ ಮಾತ್ರ. ಗಿಬ್ಸನ್ನನ ಕಾಲದವರು ಲಾಂಛನಗಳನ್ನು ದಾರಿಹೋಕರಿಗಾಗಿ ಇಟ್ಟಿದ್ದರು. ಇಬ್ಬರಲ್ಲಿ ಹಳಬರೇ ಜನರನ್ನು ಹೆಚ್ಚು ಗೌರವಿಸಿದರು ಎನ್ನಬೇಕು.

ಇಂದು ಒಳಗೆ ಔತಣಗಳೂ ಸಮಾರಂಭಗಳೂ ನಡೆಯುತ್ತವೆ. ಹೊರಗಿನ ಶಿಲ್ಪಗಳಿಗೆ ಟಿಕೆಟ್ ಬೇಕಿಲ್ಲ. ಲಂಡನ್ನಿಗೆ ಹೋದವರು ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಎದುರಿನ ಕಾಲುದಾರಿಯಲ್ಲಿ ನಿಂತು ನೋಡಿ. ಗಣಿಯ ಫಲಕವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.