ಹಿತ್ತಲ ಕೋಳಿ, ಬಾಳಿನ ಸಂಗಾತಿ

ಮಕ್ಕಳು ಓದಿಗೆಂದು ಊರು ಬಿಟ್ಟ ಮೇಲೆ ಮನೆ ಬಿಕೋ ಎನ್ನುತ್ತಿದೆಯೇ, ಸೋದರಿ? ಹಿತ್ತಲಲ್ಲಿ ನಾಲ್ಕು ನಾಟಿ ಹೇಂಟೆ, ಒಂದು ಹುಂಜ ಸಾಕಿ ನೋಡಿ. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಸಾಕು, ‘ಎಲ್ಲಿ ನುಚ್ಚು?’ ಎಂದು ಕಾಲಿಗೇ ಸುತ್ತಿಕೊಳ್ಳುತ್ತವೆ! ಕಾವಿಗೆ ಕೂತ ಹೇಂಟೆಯಡಿ ಹತ್ತು ಮೊಟ್ಟೆ ಇಟ್ಟರೆ 21ನೇ ದಿನದ ಹೊತ್ತಿಗೆ ಮರಿಗಳ ಚಿಂವ್ ಚಿಂವ್. ಬೇಸರ ಎಲ್ಲಿ ಹೋಯಿತೋ!

ಮೊಟ್ಟೆ ಮಾರಿದ ಕಾಸು ನಿಮ್ಮದೇ. ಸೆರಗಿನ ಗಂಟಿಗೆ ಯಾರೂ ಲೆಕ್ಕ ಕೇಳರು.

ಎರಡು ಮಾತು ಮಾತ್ರ ಮರೆಯಬೇಡಿ. ಸಂಜೆ ಗೂಡು ಭದ್ರವಾಗಿ ಮುಚ್ಚಿ. ಕಾಡುಬೆಕ್ಕಿಗೆ ಒಂದು ರಾತ್ರಿ ಸಾಕು. ಕೊಕ್ಕರೆ ರೋಗ ಬಂದ ಮೇಲೆ ಮದ್ದಿಲ್ಲ. ಮೊದಲೇ ಪಶು ಆಸ್ಪತ್ರೆಯಲ್ಲಿ ಕೇಳಿ ಲಸಿಕೆ ಹಾಕಿಸಿ. ಆಗ ಇಂದು ಸಾಕಿದ ಹೇಂಟೆಯ ಪೀಳಿಗೆ, ನೀವು ಮೊಮ್ಮಕ್ಕಳನ್ನು ಎತ್ತಿಕೊಂಡ ದಿನವೂ ಹಿತ್ತಲಲ್ಲಿ ಮಣ್ಣು ಕೆದಕುತ್ತಿರುತ್ತದೆ.